ಬಿಸ್ಕತ್ತು ಬಣ್ಣ

ಕಿಡಿಮಾವನ ಕೈಗೆ ಒಂದು ಹಳೆಯ ಸ್ಪಾರ್ಕ್ ಪ್ಲಗ್ಗು ಕೊಟ್ಟರೆ ಸಾಕು, ಗಾಡಿಯ ಹುಟ್ಟು, ಓಡಿಸುವವನ ಸ್ವಭಾವ, ಅವನ ಮನೆಯಲ್ಲಿ ಹಿಂದಿನ ದಿನ ನಡೆದ ಜಗಳ, ಆ ಜಗಳದಲ್ಲಿ ಸೋತವರು ಯಾರು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಾನೆ ಎಂದು ಆ ಬೀದಿಯಲ್ಲಿ ಪ್ರತೀತಿ. ಪ್ರತೀತಿಗೆ ಬಾಲ ಕಟ್ಟುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಒಮ್ಮೆ ಟ್ಯಾಕ್ಸಿಯೊಂದರ ಪ್ಲಗ್ಗು ಮೂಸಿ, ಮನೆಗೆ ಹೋಗಯ್ಯ, ಒಲೆ ಮೇಲೆ ಹಾಲು ಉಕ್ತಾ ಇದೆ ಎಂದನಂತೆ. ಚಾಲಕ ಎದ್ದುಬಿದ್ದು ಓಡಿದರೆ ಹಾಲು ಉಕ್ಕಿ, ಒಲೆ ನಂದಿ, ಹೆಂಡತಿ ಒರೆಸಿಯೂ ಆಗಿತ್ತಂತೆ. ಇದರಲ್ಲಿ ಹಾಲು ಉಕ್ಕಿದ್ದೊಂದು ನಿಜ.

ಉಳಿದದ್ದರಲ್ಲೂ ಕಾಳಿನಷ್ಟು ನಿಜವಿತ್ತೆನ್ನಿ. ಇಂಜಿನ್ನಿನೊಳಗೆ ಬೆಂಕಿ ಹೇಗೆ ಉರಿಯುತ್ತಿದೆ ಎಂದು ಹೊರಗೆ ಬಂದು ಹೇಳುವ ಸಾಕ್ಷಿ ಪ್ಲಗ್ಗು. ಅದರ ತುದಿಯಲ್ಲಿರುವ ಪಿಂಗಾಣಿಯ ಮೂಗು ಮಸಿ ಹಿಡಿದು ಕಪ್ಪಾಗಿದ್ದರೆ ಒಳಗೆ ಕಾವು ಸಾಲದು. ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಕಾವು ಮಿತಿಮೀರಿದೆ, ಪಿಸ್ಟನ್ನಿಗೆ ಕೇಡುಗಾಲ ಹತ್ತಿರ ಬಂದಿದೆ. ನಡುವೆ, ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣವಿದ್ದರೆ ಎಲ್ಲ ಕ್ಷೇಮ. ವೈದ್ಯರು ನಾಲಗೆ ನೋಡಿದಂತೆ ಕಿಡಿಮಾವ ಈ ಮೂಗು ನೋಡುತ್ತಿದ್ದ. ನೋಡುವ ಕ್ರಮವೂ ಅವನದೇ. ಪ್ಲಗ್ಗು ಬಿಚ್ಚಿಕೊಂಡು ಶೆಡ್ಡಿನ ಕಿಟಕಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತು ನೋಡುವುದು; ತೀರ್ಪು ಹೇಳುವುದು; ಆ ಕ್ಷಣವೇ ತಂತಿ ಬ್ರಷ್ಷಿನಿಂದ ಉಜ್ಜಿ ಬಣ್ಣವನ್ನು ನಿರ್ನಾಮ ಮಾಡುವುದು. ಇನ್ನೊಬ್ಬರು ಇಣುಕಿ ನೋಡಿ ತಮ್ಮದೂ ಒಂದು ಅಭಿಪ್ರಾಯ ಅಂಟಿಸುವುದು ಅವನಿಗೆ ಸುತರಾಂ ಆಗದು. ಹೀಗಾಗಿ ಅವನ ತೀರ್ಪಿನ ಮೇಲೆ ಮೇಲ್ಮನವಿ ಎಂಬುದೇ ಇರಲಿಲ್ಲ.

ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡಿದ ಅವನಿಗೆ ಸ್ವಂತದ್ದೆಂದು ಇದ್ದದ್ದು ಒಂದೇ ಕಾರು. ಕೆಂಪು ಬಣ್ಣ, ಎರಡೇ ಸೀಟು, ಬಟ್ಟೆಯ ಚಾವಣಿ, ಒಂದು ಕಾಲದಲ್ಲಿ ಪಂದ್ಯಕ್ಕೆಂದೇ ಮಾಡಿದ್ದು. ಎಷ್ಟು ತಗ್ಗೆಂದರೆ ಬೀದಿನಾಯಿಗಳು ಅದನ್ನು ತಲೆ ಬಗ್ಗಿಸಿ ನೋಡುತ್ತಿದ್ದವು. ಅದರೊಳಗೆ ಯಾರೂ ಕೂರುತ್ತಿರಲಿಲ್ಲ, ಬಾವಿಗೆ ಇಳಿದಂತೆ ಇಳಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಯಾರದೋ ಹಿತ್ತಲಲ್ಲಿ ಕೋಳಿಗೂಡಾಗಿದ್ದ ಅದನ್ನು ಕೋಳಿ ಸಮೇತ ಎಳೆದು ತಂದಿದ್ದ. ಬಾಗಿಲಲ್ಲಿ ನಿಂತು ನೋಡಿದ ಹೆಂಡತಿ, ಕೋಳಿ ಇರಲಿ, ಉಳಿದಿದ್ದು ವಾಪಸ್ ಕಳ್ಸಿ ಎಂದಿದ್ದಳು. ಮಗ ಹುಟ್ಟಿ, ಬೆಳೆದು, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಕಾರು ಓಡಿತು. ಆದರೆ ಮಗನೋ ಉಯ್ಯಾಲೆಯ ಚಿತ್ರ ನೋಡಿದರೂ ವಾಂತಿ ಮಾಡುವವನು. ಹೀಗೆ ವಾರಸುದಾರರಿಲ್ಲದೆ ನಿಂತಿದ್ದ ಕಾರಿಗೆ ದಿಕ್ಕಾಗಿ ಬಂದವಳು ಸೊಸೆ.

ಸೊಸೆ ಶಾಲೆಯ ವ್ಯಾನು ಓಡಿಸುವವಳು. ವರ್ಷವಿಡೀ ಮಕ್ಕಳನ್ನು ತುಂಬಿಕೊಂಡು, ಹಿಂದೆ ಬರುವ ಆಮೆ ಹಾರ್ನ್ ಹೊಡೆಯುವಷ್ಟು ನಿಧಾನಕ್ಕೆ ಓಡಿಸಿ ಓಡಿಸಿ, ಆಡದೆ ಉಳಿದ ಮಾತಿನ ಹಾಗೆ ಅವಳೊಳಗೆ ವೇಗ ಕಟ್ಟಿಕೊಂಡಿತ್ತು. ಅವಳು ಕೆಂಪು ಕಾರನ್ನು ಮೊದಲ ಸಲ ಬೀದಿಯ ಮೂಲೆಯಲ್ಲಿ ತಿರುಗಿಸಿದ್ದನ್ನು ನೋಡಿದ ಕಿಡಿಮಾವ, ಮಗನಿಗೆ ಹೆಂಡತಿ ಹುಡುಕಿದೆ ಅಂದುಕೊಂಡಿದ್ದೆ, ದೇವರು ಕಾರಿಗೆ ಡ್ರೈವರನ್ನು ಕೊಟ್ಟ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಊರಾಚೆಯ ಗುಡ್ಡದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಹಳೆಯ ಕಾರುಗಳ ಪಂದ್ಯ ನಡೆಯುತ್ತಿತ್ತು. ಒಂದೊಂದೇ ಕಾರು ಬುಡದಿಂದ ತುದಿಗೆ ಹತ್ತಬೇಕು. ಬೇಗ ಹತ್ತಿದವರು ಗೆದ್ದರು. ಈ ಸಲದ್ದೇ ಕೊನೆಯದು. ಮುಂದೆ ಆ ರಸ್ತೆಯನ್ನು ಅಗಲ ಮಾಡಿ ಟ್ರಕ್ಕುಗಳಿಗೆ ಬಿಟ್ಟುಕೊಡುತ್ತಾರೆಂದು ಬುಡದಲ್ಲಿ ಬೋರ್ಡು ನೆಟ್ಟಾಗಿತ್ತು. ಸೊಸೆ ಆ ಬೋರ್ಡಿನ ಮುಂದೆ ವ್ಯಾನು ನಿಲ್ಲಿಸಿ ಎರಡು ಸಲ ಓದಿ ಬಂದಿದ್ದಳು.

ಈಗ ಪ್ಲಗ್ಗಿನ ಆಯ್ಕೆ. ಪ್ಲಗ್ಗುಗಳಲ್ಲಿ ಬಿಸಿ, ತಂಪು ಎಂದು ಎರಡು ಕುಲ. ಕಿಡಿ ಎರಡರದ್ದೂ ಒಂದೇ, ಸ್ವಭಾವ ಬೇರೆ. ಬಿಸಿ ಪ್ಲಗ್ಗು ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನ ಹಾಗೆ ಕಾವನ್ನು ಮೂಗಿನ ತುದಿಯಲ್ಲೇ ಹಿಡಿದಿಡುತ್ತದೆ. ಪೇಟೆಯ ನಿಧಾನ ಓಡಾಟದಲ್ಲಿ ಆ ಕಾವಿಗೆ ಮಸಿ ಸುಟ್ಟುಹೋಗಿ ಚೊಕ್ಕಟವಾಗಿರುತ್ತದೆ. ತಂಪು ಪ್ಲಗ್ಗು ಬಂದ ಸಿಟ್ಟನ್ನು ಪಕ್ಕದವರಿಗೆ ದಾಟಿಸಿ ಮರೆಯುವ ಜಾತಿ. ಏರಿನಲ್ಲಿ ಒತ್ತಿ ಓಡಿಸುವಾಗ ಅದೇ ಕ್ಷೇಮ, ಆದರೆ ಪೇಟೆಯಲ್ಲಿ ಮಸಿ ಹಿಡಿದು ಕೆಮ್ಮುತ್ತದೆ. ಕಿಡಿಮಾವನ ಕಾರು ಎಣ್ಣೆಯನ್ನೂ ಸ್ವಲ್ಪ ಸ್ವಲ್ಪ ಕುಡಿಯುವ ಮುದಿ ಗಂಟಲಿನದು. ತಂಪು ಹಾಕಿದರೆ ಬೀದಿ ದಾಟುವುದರೊಳಗೆ ಮೂಗು ಕಾಡಿಗೆ. ಹಾಗಾಗಿ ಅವನು ಬಹಳ ಕಾಲದಿಂದ ಬಿಸಿಯದನ್ನೇ ಹಾಕಿ, ಪ್ರತಿ ಸಲ ಕಿಟಕಿಯಲ್ಲಿ ನೋಡಿ, "ಬಿಸ್ಕತ್ತು" ಎಂದು ತೀರ್ಪು ಕೊಡುತ್ತಿದ್ದ. ತೀರ್ಪು ತಪ್ಪಿದರೆ ಆಗುವುದು ಸಣ್ಣ ನಷ್ಟವಲ್ಲ. ಆ ಪಿಸ್ಟನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಬೆಳೆದ ಮರ ಮುಪ್ಪಾಗಿ ಬಿದ್ದು, ಅದರಿಂದ ಮಾಡಿದ ಕುರ್ಚಿಯೂ ಮುರಿದಿತ್ತು.

ಪಂದ್ಯದ ವಾರ ಸೊಸೆ ಗುಡ್ಡದಲ್ಲಿ ಕಾರು ಓಡಿಸಿ ಬಂದಳು. ಕೀಲಿ ತಿರುಗಿಸಿದ ಮೇಲೂ ಇಂಜಿನ್ನು ನಿಲ್ಲಲಿಲ್ಲ. ಹೊರಟೆ ಎಂದು ಹೇಳಿ ಬಾಗಿಲಲ್ಲಿ ನಿಂತು ಮತ್ತೆ ಮಾತು ತೆಗೆಯುವ ನೆಂಟನಂತೆ ಗುಡುಗುಡಿಸಿ, ಕೆಮ್ಮಿ, ಒಲ್ಲದ ಮನಸ್ಸಿನಿಂದ ಸುಮ್ಮನಾಯಿತು.

"ಮಾವ, ಮೇಲಿನ ತಿರುವಲ್ಲಿ ಒತ್ತಿದಾಗ ಒಳಗೆ ಯಾರೋ ಗೋಲಿ ಆಡ್ತಿರೋ ಹಾಗೆ ಸದ್ದು ಬರುತ್ತೆ," ಎಂದಳು.

ಕಿಡಿಮಾವ ಪ್ಲಗ್ಗು ಬಿಚ್ಚಿ ಕಿಟಕಿಗೆ ಹೋದ. ಬೆನ್ನು ಮಾಡಿ ನಿಂತ. ಬಿಸ್ಕತ್ತು ಎಂದ. ಪೆಟ್ರೋಲು ಕೆಟ್ಟದಿರಬೇಕು, ಬಂಕು ಬದಲಾಯಿಸು ಎಂದೂ ಹೇಳಿದ.

"ನಾನೂ ಒಂದ್ಸಲ ನೋಡ್ಲಾ?"

ಅಷ್ಟರಲ್ಲಿ ಬ್ರಷ್ಷು ಓಡಾಡಿ ಆಗಿತ್ತು. ಪ್ಲಗ್ಗು ಈಗಷ್ಟೇ ಅಂಗಡಿಯಿಂದ ಬಂದಂತೆ ಹೊಳೆಯುತ್ತಿತ್ತು. ನಾನು ನೋಡಿ ಆಯ್ತಲ್ಲಮ್ಮ ಎಂದು ಅವನು ನಕ್ಕ. ಅವಳು ನಗಲಿಲ್ಲ, ಆದರೆ ಮಾವನ ಮಾತಿಗೆ ಎದುರಾಡುವ ಪದ್ಧತಿ ಮನೆಯಲ್ಲಿ ಅತ್ತೆಗೆ ಮಾತ್ರ ಇತ್ತು. ಅತ್ತೆ ಆ ಪದ್ಧತಿಯನ್ನು ಚೆನ್ನಾಗಿಯೇ ನಡೆಸುತ್ತಿದ್ದಳು. ಈಚೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದು ದಿನಾ ಪೀಡಿಸುತ್ತಿದ್ದಳು. ಅದಕ್ಕವನು ಸೂಜಿಗೆ ದಾರ ಪೋಣಿಸಿ ತೋರಿಸಿದ್ದ. ಸೂಜಿಯ ಕಣ್ಣನ್ನು ನಾಲಗೆಯಿಂದ ಹುಡುಕಿದ್ದನೆಂಬುದು ನಾಲಗೆಗೊಂದೇ ಗೊತ್ತಿತ್ತು.

ಪಂದ್ಯದ ದಿನ ಗುಡ್ಡದ ಬುಡದಲ್ಲಿ ಊರಿನ ಅರ್ಧ ಜನ, ಮಿಕ್ಕರ್ಧ ಜನರ ಹೊಗೆ. ಬೆಳಗಿನ ಅಭ್ಯಾಸದ ಓಟದಲ್ಲಿ ಸೊಸೆ ಒಂದು ಸಲ ತುದಿ ಮುಟ್ಟಿ ಇಳಿದಿದ್ದಳು. ಗೋಲಿ ಸದ್ದು ಈ ಸಲ ಬೇಗನೆ ಶುರುವಾಯಿತು ಎಂದು ಅವಳು ಹೇಳುವಷ್ಟರಲ್ಲಿ ಸಾಲಿನಲ್ಲಿ ಕರೆ ಬಂತು. ಕಾರುಗಳು ಒಂದರ ಹಿಂದೊಂದು ಮುಂದೆ ಸರಿಯುತ್ತಿದ್ದವು. ಆಗ ಬಂದವನು ತಪಾಸಣೆಯವನು. ಕಾರಿನ ಬಾಗಿಲ ಮೇಲಿನ ಸಂಖ್ಯೆ ನೋಡಿ ಅವನ ಮುಖ ಹುಳ್ಳಗಾಯಿತು. ಕಪ್ಪು ಸಂಖ್ಯೆ ಬಿಳಿ ವೃತ್ತದ ಮೇಲೆ ಇರಬೇಕೆಂಬುದು ನಿಯಮ.

"ಬಿಳಿ ಅಂತ ತಾನೆ ಬರ್ದಿರೋದು? ಇದು ಬಿಸ್ಕತ್ತು ಬಣ್ಣ," ಎಂದ.

ವೃತ್ತ ಬಳಿದವನು ಕಿಡಿಮಾವ. ಹಿಂದಿನ ದಿನ, ಶೆಡ್ಡಿನ ಕಪಾಟಿನಿಂದ ಬಿಳಿಯದೆಂದುಕೊಂಡು ಒಂದು ಬಣ್ಣದ ಡಬ್ಬಿ ತೆಗೆದು, ಉಸಿರು ಬಿಗಿಹಿಡಿದು, ದುಂಡಗೆ ಬಳಿದಿದ್ದ. ಮಾವ ಬೇಕೆಂದೇ ಚೆಂದಕ್ಕೆ ಹಾಗೆ ಮಾಡಿದ್ದಾರೆ ಎಂದುಕೊಂಡು ಮನೆಯವರು ಸುಮ್ಮನಿದ್ದರು. ಈಗ ಅವನು, ಅದು ಬಿಳಿಯೇ ಅಲ್ಲವೇನಯ್ಯ ಎಂದು ಬಾಯಿ ತೆರೆದು, ಪಕ್ಕದ ಕಾರಿನ ವೃತ್ತ ನೋಡಿದ. ಅದರಾಚೆಯದು ನೋಡಿದ. ತನ್ನದನ್ನು ನೋಡಿದ. ಎಲ್ಲವೂ ಒಂದೇ. ಮಗನ ಮುಖ ನೋಡಿದ.

"ಹೌದಪ್ಪ, ಬಿಸ್ಕತ್ತು," ಎಂದ ಮಗ, ಕಾಗದ ಅಂಟಿಸಿದರೆ ಆಗಬಹುದಾ ಎಂದು ತಪಾಸಣೆಯವನನ್ನು ಕೇಳುತ್ತ.

ಕಾಗದ ಅಂಟಿಸಿದರೆ ಆಗುತ್ತಿತ್ತು. ಮಗ ಕಾಗದ ಹುಡುಕಲು ಓಡಿದ. ಕಿಡಿಮಾವ ಮಾತ್ರ ನಿಂತಲ್ಲೇ ನಿಂತ. ಕಾಲ ಕೆಳಗಿನ ಗುಡ್ಡವನ್ನು ಯಾರೋ ಚಾಪೆಯಂತೆ ಎಳೆದ ಹಾಗಾಯಿತು. ಬಿಳಿಗೂ ಬಿಸ್ಕತ್ತಿಗೂ ತನ್ನ ಕಣ್ಣಿನಲ್ಲಿ ಭೇದವಿಲ್ಲ ಎಂದಮೇಲೆ, ಕಿಟಕಿಯಲ್ಲಿ ಬೆನ್ನು ಮಾಡಿ ನಿಂತು ಇಷ್ಟು ಕಾಲ ತಾನು ನೋಡಿದ್ದೇನು? ಆ ಗೋಲಿ ಸದ್ದು, ಆ ನಿಲ್ಲದ ಇಂಜಿನ್ನು, ಎಲ್ಲ ಒಂದೊಂದಾಗಿ ಬಂದು ಅವನ ಮುಂದೆ ಸಾಲುಗಟ್ಟಿದವು. ಪ್ಲಗ್ಗು ಬಿಳಿಯಾಗಿದ್ದರೆ ಪಿಸ್ಟನ್ನು ಒಳಗೊಳಗೇ ಕರಗುತ್ತಿದೆ. ಕರಗಿದ್ದು ಏರಿನ ಮೇಲೆ ಪೂರ್ತಿ ಒತ್ತಿದಾಗ ತೂತಾಗುತ್ತದೆ. ತೂತಾದರೆ ಎಣ್ಣೆ ಚಿಮ್ಮಿ ಹಿಂದಿನ ಚಕ್ರಕ್ಕೆ ಬೀಳುತ್ತದೆ. ಮೇಲಿನ ತಿರುವಿಗೆ ತಡೆಗೋಡೆ ಇಲ್ಲ. ಅಲ್ಲಿಂದ ಕೆಳಗೆ ನೋಡಿದರೆ ಊರಿನ ನೀರಿನ ಟ್ಯಾಂಕು ಲೋಟದಷ್ಟು ಕಾಣುತ್ತದೆ. ಸ್ಟೀರಿಂಗ್ ಹಿಡಿದು ಕೂತವಳು ಸೊಸೆ.

ಅವನ ಚೀಲದಲ್ಲಿ ತಂಪು ಪ್ಲಗ್ಗುಗಳಿದ್ದವು. ಆದರೆ ಸುಮ್ಮನೆ ಬದಲಾಯಿಸಿ ಕಳಿಸುವಂತಿಲ್ಲ. ಕೇಡು ಆಗಲೇ ಒಳಗೆ ಹತ್ತಿಬಿಟ್ಟಿದ್ದರೆ ತಂಪೂ ಕಾಯದು. ಅದನ್ನು ತಿಳಿಯಲು ಹಳೆಯವನ್ನು ನೋಡಬೇಕು. ನೋಡುವ ಕಣ್ಣು ಇಲ್ಲ.

ಮೊದಲು ಅವನು ಹೇಡಿಗಳ ದಾರಿ ಹಿಡಿದ. ಬಗ್ಗಿ, ಕ್ಲಚ್ಚು ಯಾಕೋ ಸರಿಯಿಲ್ಲ ಅನ್ನಿಸುತ್ತೆ, ಅರ್ಧಕ್ಕಿಂತ ಹೆಚ್ಚು ಒತ್ತಬೇಡ ಎಂದ. ಕ್ಲಚ್ಚು ಬೆಣ್ಣೆಯ ಹಾಗಿದೆ ಮಾವ ಎಂದಳು ಅವಳು. ಬ್ರೇಕಿನ ಮೇಲೆ ಅನುಮಾನ ಎಂದ. ನೀವೇ ನಿನ್ನೆ ಹೊಸದು ಹಾಕಿದ್ದಲ್ಲವಾ ಎಂದಳು. ಆಕಾಶ ನೋಡಿ, ಮಳೆ ಬರುವ ಹಾಗಿದೆ ಎಂದ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಸೊಸೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಮಕ್ಕಳು ಪುಸ್ತಕ ಮರೆತು ಬಂದು ಹೊಟ್ಟೆನೋವು ಎಂದಾಗ ನೋಡುವ ನೋಟ ಅದು.

"ಏನಾಗಿದೆ ಹೇಳಿ ಮಾವ."

ಮುಂದೆ ಕೆಲವೇ ಕಾರುಗಳಿದ್ದವು. ಹಿಂದಿನವನು ಹಾರ್ನ್ ಹೊಡೆದ. ಕಿಡಿಮಾವ ಮುಂದಿನ ಮುಚ್ಚಳ ಎತ್ತಿ, ಪಾನಾ ಹಾಕಿ, ಮೊದಲ ಪ್ಲಗ್ಗನ್ನು ಬಿಚ್ಚಿದ. ಬೆಂಕಿಯಂತೆ ಸುಡುತ್ತಿದ್ದ ಅದನ್ನು ಬಟ್ಟೆಯಲ್ಲಿ ಹಿಡಿದು, ಎಂದೂ ಯಾರಿಗೂ ಕೊಡದಿದ್ದುದನ್ನು, ಅವಳ ಕೈಗೆ ಕೊಟ್ಟ.

"ಯಾವ ಬಣ್ಣ?"

"ನೀವೇ ನೋಡಿ."

"ನನಗೆ ಬಿಳಿ ಯಾವುದು, ಬಿಸ್ಕತ್ತು ಯಾವುದು ಗೊತ್ತಾಗ್ತಿಲ್ಲಮ್ಮ. ಯಾವಾಗಿಂದ ಅಂತ ಕೇಳ್ಬೇಡ. ಅದೂ ಗೊತ್ತಿಲ್ಲ."

ಈ ಮಾತು ಹೇಳುವಾಗ ಅವನ ದನಿ ಎಷ್ಟು ಇಳಿದಿತ್ತೆಂದರೆ ಪಕ್ಕದ ಇರುವೆಗೂ ಮತ್ತೊಮ್ಮೆ ಕೇಳಬೇಕೆನಿಸುತ್ತಿತ್ತು. ಕಾಗದ ಹಿಡಿದು ಬಂದ ಮಗ ಅಲ್ಲೇ ನಿಂತುಬಿಟ್ಟ. ಸೊಸೆಯ ಮುಖದಲ್ಲಿ ಮೊದಲು ಬಂದದ್ದು ಕನಿಕರವಲ್ಲ.

"ಅವತ್ತು ನೋಡ್ಲಾ ಅಂತ ಕೇಳಿದ್ದೆ," ಎಂದಳು.

"ಕೇಳಿದ್ದೆ. ನಾನೇ ಕೊಡ್ಲಿಲ್ಲ. ಬೈಯೋದಿದ್ರೆ ಮನೇಲಿ ಬೈಯಿ. ಈಗ ನೋಡು."

ಅವಳು ಕಾರಿನಿಂದ ಎದ್ದು ಬಂದು ಪ್ಲಗ್ಗನ್ನು ಬಿಸಿಲಿಗೆ ಹಿಡಿದಳು. ಬಿಳಿ ಎಂದಳು. ಎಂಥ ಬಿಳಿ ಎಂದು ಅವನು ಕೇಳಿದ. ಬಿಳಿಯಲ್ಲಿ ಸಾವಿರ ಇದೆ. ಹಾಲಿನದಲ್ಲ ಎಂದಳು. ಹತ್ತಿಯದೂ ಅಲ್ಲ. ಮಾತಿಗಾಗಿ ತಡಕಾಡಿದಳು. ಗಾಡಿಯ ಗೇರಿನ ಬಗ್ಗೆ ಕೇಳಿದರೆ ಅರೆನಿದ್ದೆಯಲ್ಲೂ ಹೇಳಬಲ್ಲ ಅವಳಿಗೆ ಬಣ್ಣದ ಮಾತು ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವನು ಬೆನ್ನು ಮಾಡಿ ನಿಂತಿರುತ್ತಿದ್ದ.

ಮಗ ಹತ್ತಿರ ಬಂದು ಇಣುಕಿದ. "ಅಪ್ಪ, ಅಮ್ಮ ಸಿಟ್ಟು ಬಂದೂ ಮಾತಾಡ್ದೆ ಕೂತಿರ್ತಾಳಲ್ಲ, ಆಗ ಮುಖ ಆಗುತ್ತಲ್ಲ, ಆ ಬಿಳಿ."

ಯಾರೂ ನಗಲಿಲ್ಲ. ಆದರೆ ಕಿಡಿಮಾವನಿಗೆ ಆ ಬಿಳಿ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಕರಾರುವಾಕ್ಕಾಗಿ ಯಾವ ಪುಸ್ತಕವೂ ಹೇಳಲಾರದು. ಕಾವು ಜಾಸ್ತಿಯಾಗಿದೆ, ಕೈ ಮೀರಿಲ್ಲ. ತಂಪು ಪ್ಲಗ್ಗು ಕಾಯಬಹುದು. ಎರಡನೆಯದು ಬಿಚ್ಚಿದ, ಅದೂ ಹಾಗೆಯೇ ಎಂದರು. ನಾಲ್ಕನೆಯದೂ ಹಾಗೆಯೇ. ಅವನ ಎದೆಗೆ ಸ್ವಲ್ಪ ಗಾಳಿ ಬಂತು. ಬಿಚ್ಚಿದ ಕಡೆಗಳಿಗೆ ತಂಪಿನವನ್ನು ಕೂರಿಸುತ್ತ ಬಂದ. ಬೆರಳು ಸುಟ್ಟು ಬೊಬ್ಬೆಯೆದ್ದರೂ ಬೆರಳು ಯಾರದೋ ಎಂಬಂತೆ ಕೆಲಸ ಮಾಡಿದ.

ಮೂರನೆಯದು ಬಿಗಿಯಾಗಿತ್ತು, ಕೊನೆಗೆ ಬಂತು.

"ಇದರಲ್ಲಿ ಚುಕ್ಕಿ ಇದೆ ಮಾವ. ಮೆಣಸಿನ ಪುಡಿ ಉದುರಿಸಿದ ಹಾಗೆ."

ಕಿಡಿಮಾವನ ಕೈಯಲ್ಲಿದ್ದ ಪಾನಾ ನಿಂತಿತು. "ಕಪ್ಪು ಚುಕ್ಕಿ ಆದ್ರೆ ಮಸಿ. ಹೊಸ ಪ್ಲಗ್ ಹಾಕ್ಕೊಂಡು ಹೋಗಬಹುದು. ಬೆಳ್ಳಿ ಥರ ಹೊಳೆದ್ರೆ ಅದು ಪಿಸ್ಟನ್ನಿಂದೇ ಚೂರು, ಕರಗಿ ಬಂದು ಅಂಟಿರೋದು. ಹಾಗಿದ್ರೆ ಹೋಗೋ ಹಾಗಿಲ್ಲ. ಬಿಸಿಲಿಗೆ ಓರೆ ಹಿಡಿದು ಹೇಳು, ಹೊಳೀತಾ?"

ಹೇಳಿದ ಮೇಲೆ ಅವನಿಗೆ ಹೊಳೆಯಿತು: ಮೊದಲು ಕೇಳಿ, ಆಮೇಲೆ ಅರ್ಥ ಹೇಳಬೇಕಿತ್ತು. ಈಗ ಅವಳ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು, ಮತ್ತು ಯಾವ ಮಾತಿಗೆ ಯಾವ ಫಲ ಎಂದು ಅವಳಿಗೆ ತಾನೇ ಹೇಳಿಕೊಟ್ಟಾಗಿತ್ತು. ಕಪ್ಪು ಎಂದರೆ ಅವಳು ಹೋಗಬಹುದು. ಪರೀಕ್ಷಿಸಲು ಅವನಿಗೆ ಕಣ್ಣಿಲ್ಲ. ಮಗನನ್ನು ಕೇಳೋಣವೆಂದರೆ ಅವನು ಆಗಲೇ ಬಾಗಿಲ ಬಳಿ ಕೂತು ಹಲ್ಲಿನಿಂದ ಟೇಪು ಹರಿಯುತ್ತ ಕಾಗದ ಅಂಟಿಸುತ್ತಿದ್ದ. ಅಲ್ಲದೆ, ಅವಳ ಮಾತಿನ ಮೇಲೆ ಇನ್ನೊಬ್ಬನ ಸಾಕ್ಷಿ ಕೇಳಲು ಯಾವ ಮುಖ?

ಮುಂದಿನ ಕಾರು ಗರ್ಜಿಸಿಕೊಂಡು ಏರಿಹೋಯಿತು. ಬಾವುಟದವನು ಇವರ ಕಡೆ ತಿರುಗಿ ಕೈ ಮಾಡಿದ. ಹಿಂದಿನವನು, ಅಕ್ಕಾ, ಹೋಗ್ತೀರಾ, ಇಲ್ಲೇ ಮನೆ ಕಟ್ತೀರಾ ಎಂದು ಕೂಗಿದ. ಸೊಸೆ ಪ್ಲಗ್ಗನ್ನು ಬಿಸಿಲಿಗೆ ಹಿಡಿದೇ ಇದ್ದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಒಮ್ಮೆ ತಲೆಯೆತ್ತಿ ರಸ್ತೆಯನ್ನು, ಅದು ಗುಡ್ಡದ ಹೆಗಲು ಸುತ್ತಿ ಮರೆಯಾಗುವ ತನಕ ನೋಡಿದಳು. ಆ ಹೊತ್ತಿನಲ್ಲಿ ಕಿಡಿಮಾವನ ಗಡ್ಡ ಒಂದು ಬೆರಳು ಬೆಳೆದಿರಬೇಕು.

"ಹೊಳೀತಿದೆ," ಎಂದಳು.

ಪ್ಲಗ್ಗನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟು, ಹೆಲ್ಮೆಟ್ಟು ತೆಗೆದು ಸೀಟಿನ ಮೇಲೆ ಹಾಕಿದಳು. ಬಾವುಟದವನಿಗೆ ಇಲ್ಲವೆಂದು ಕೈಯಾಡಿಸಿದಳು. ಮಗ ಅಂಟಿಸಿ ಮುಗಿಸಿದ ಕಾಗದವನ್ನು ನೋಡಿ, ಹೆಂಡತಿಯ ಮುಖ ನೋಡಿ, ಹಿಂದಕ್ಕೆ ಹೋಗಿ ಬಂಪರಿಗೆ ಕೈ ಹಚ್ಚಿದ. ಮೂವರೂ ಸೇರಿ ಕಾರನ್ನು ಸಾಲಿನಿಂದ ಪಕ್ಕಕ್ಕೆ ನೂಕಿದರು. ಬ್ಯಾಟರಿ ಹೋಯ್ತಾ ಎಂದು ಯಾರೋ ಕೇಳಿದರು. ಧೈರ್ಯ ಹೋಯ್ತು ಕಣೋ ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ಸೊಸೆಯ ಕಿವಿ ಕೆಂಪಾಯಿತು. ಈ ಕೆಂಪು ಮಾತ್ರ ಕಿಡಿಮಾವನಿಗೆ ಸ್ಪಷ್ಟವಾಗಿ ಕಂಡಿತು. ಕಣ್ಣು ನನ್ನದು ಹೋಗಿರುವುದು ಎಂದು ಅವನು ಆ ಗುಂಪಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. ಅರ್ಥವಾಗದೆ ಅವರು ನಕ್ಕರು. ಅವನು ಇನ್ನೊಮ್ಮೆ ಹೇಳಿದ. ಸಾಕು ಬನ್ನಿ ಮಾವ ಎಂದಳು ಅವಳು.

ವಾಪಸು ಬರುವಾಗ ಕಾರನ್ನು ಹಗ್ಗ ಕಟ್ಟಿ, ಊರಿಂದ ತರಿಸಿದ ಶಾಲೆಯ ವ್ಯಾನಿನ ಹಿಂದೆ ಎಳೆದುಕೊಂಡು ಬಂದರು. ಸೊಸೆ ವ್ಯಾನಿನಲ್ಲಿ, ಕಿಡಿಮಾವ ಕೆಂಪು ಕಾರಿನ ಸ್ಟೀರಿಂಗ್ ಹಿಡಿದು ಹಗ್ಗದ ಈ ತುದಿಯಲ್ಲಿ. ದಾರಿಯುದ್ದಕ್ಕೂ ಅವಳು ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡಿದಳೋ ಏನೋ, ಅಷ್ಟು ದೂರ ಅವನಿಗೆ ಕಾಣದು.

ಇಂಜಿನ್ನು ಬಿಚ್ಚಲು ಅವನಿಗೆ ಮನಸ್ಸು ಬರಲಿಲ್ಲ. ಅವಳೇ ವ್ಯಾನಿನ ಕೆಲಸ ಮುಗಿಸಿ ಬಂದು, ತೋಳು ಮಡಿಸಿ, ಹೇಳಿ ಮಾವ, ಯಾವ ಬೋಲ್ಟು ಮೊದಲು ಎಂದಳು. ಅದು ಆ ಗುಡ್ಡದ ನಂತರ ಅವನೊಂದಿಗೆ ಅವಳು ಆಡಿದ ಮೊದಲ ಮಾತು. ಮೂರನೆಯ ಪಿಸ್ಟನ್ನು ಹೊರಬಂದಾಗ ಅವನು ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ನೆತ್ತಿ ಸವರಿದ. ಅಂಚಿನಲ್ಲಿ ಇಲಿ ಕಚ್ಚಿದಂತೆ ಒಂದು ಹಳ್ಳ. ಹಳ್ಳದ ತಳ ಒತ್ತಿದರೆ ಬಾಗುವಷ್ಟು ತೆಳು. ಅವಳ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಇಟ್ಟ. ಅವಳು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಮೇಲಿನ ತಿರುವಿನ ತನಕ ಬರ್ತಿತ್ತಾ?"

"ಅಲ್ಲೀ ತನಕ ಬರ್ತಿತ್ತು," ಎಂದ ಅವನು. "ಅಲ್ಲೇ ಬಿಡ್ತಿತ್ತು."

ಬಾಗಿಲಿಗೆ ಬಂದು ನಿಂತಿದ್ದ ಅತ್ತೆ ಇದನ್ನು ಕೇಳಿಸಿಕೊಂಡಳು. ಮಗ ಹೇಳುತ್ತಿದ್ದ ಆ ಬಿಳಿ ಅವಳ ಮುಖಕ್ಕೆ ಬಂತೋ ಇಲ್ಲವೋ, ನೋಡಿ ಹೇಳುವ ಯೋಗ್ಯತೆ ಕಿಡಿಮಾವನಿಗೆ ಉಳಿದಿರಲಿಲ್ಲ. ಅವಳು ಬೈಯಲಿಲ್ಲ. ಒಳಗೆ ಹೋಗಿ ಅವನ ಒಗೆದ ಅಂಗಿ ತಂದು ಕೈಗೆ ಕೊಟ್ಟು, ಡಾಕ್ಟರ ಬಾಗಿಲು ಮುಚ್ಚುವುದರೊಳಗೆ ಹೊರಡಿ ಎಂದಳು. ಅವನು ತೊಟ್ಟ. ತಿರುಗಾ ಮುರುಗಾ ತೊಟ್ಟಿದ್ದ. ಸೊಸೆ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿ, ಅದನ್ನು ಬಿಚ್ಚಿಸಿ, ಸರಿಯಾಗಿ ತೊಡಿಸಿ, ಗುಂಡಿ ಹಾಕಿದಳು.